ಮಿನ್ನೆಸೋಟಕ್ಕೆ ಹೊರಟ ಮಲೆನಾಡಿನವರಿಗೆ: ಸ್ನೋಮೊಬೈಲ್ ಕ್ಲಚ್ಚಿನ ವಿಚಾರ

ಈ ಸಲ ಊರಿಗೆ ಬಂದಾಗ ಆಷಾಢದ ಜಡಿಮಳೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಜಗುಲಿಯಲ್ಲಿ ಅಕ್ಕನ ಮಗ ತನ್ನ ಸ್ಕೂಟರ್ ಬಿಚ್ಚಿಕೊಂಡು ಕೂತಿದ್ದ. ಚಳಿಗಾಲಕ್ಕೆ ಮುಂಚೆ ಅವನು ಅಮೆರಿಕದ ಮಿನ್ನೆಸೋಟ ರಾಜ್ಯದ ಡುಲೂತ್‌ಗೆ ಹೋಗುತ್ತಾನೆ. ನಾನು ಅದೇ ಊರಲ್ಲಿ ಹದಿನೇಳು ವರ್ಷದಿಂದ ಇದ್ದೇನೆ.

“ಮಾವ, ಅಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸ್ನೋಮೊಬೈಲ್ ತಗೊಳ್ಳಬಹುದಾ?” ಅಂತ ಕೇಳಿದ. ಸ್ನೋಮೊಬೈಲ್ ಅಂದರೆ ಹಿಮದ ಮೇಲೆ ಓಡುವ ಗಾಡಿ, ಮುಂದೆ ಜಾರುಪಟ್ಟಿ, ಹಿಂದೆ ಚಕ್ರದ ಬದಲು ಟ್ರ್ಯಾಕ್ ಅನ್ನುವ ಅಗಲ ರಬ್ಬರ್ ಪಟ್ಟಿ.

ತಗೊಳ್ಳಬಹುದು. ಆದರೆ ಆ ಗಾಡಿ ಇಷ್ಟು ದಿನ ಯಾವ ಊರಲ್ಲಿ ಓಡುತ್ತಿತ್ತು ಅನ್ನೋದನ್ನ ಮೊದಲು ವಿಚಾರಿಸಬೇಕು. ಶಿವಮೊಗ್ಗ, ಸಾಗರ, ಹೊಸನಗರ ಕಡೆಯಿಂದ ಅಲ್ಲಿಗೆ ಬರುವ ಹುಡುಗ ಹುಡುಗಿಯರು ನನ್ನನ್ನು ಇದನ್ನೇ ಕೇಳುತ್ತಾರೆ. ಅದಕ್ಕೇ ಅವನಿಗೆ ಹೇಳಿದ್ದನ್ನು ನಿಮಗೂ ಬರೆದಿಡುತ್ತಿದ್ದೇನೆ.

ಸ್ಕೂಟರಿನ ವೇರಿಯೇಟರ್ (ಬೆಲ್ಟ್ ಓಡುವ ಎಂಜಿನ್ ಕಡೆಯ ಪುಲ್ಲಿ) ನೋಡಿದವರಿಗೆ ಸ್ನೋಮೊಬೈಲ್ ಕ್ಲಚ್ ಹೊಸದೇನಲ್ಲ. ಸ್ಕೂಟರಿನಲ್ಲಿ ಎಂಜಿನ್ ತಿರುಗಿದ ಹಾಗೆ ರೋಲರ್‌ಗಳು ಹೊರಕ್ಕೆ ಸರಿಯುತ್ತವೆ. ಪುಲ್ಲಿಯ ಎರಡು ತಟ್ಟೆಗಳು ಹತ್ತಿರ ಬರುತ್ತವೆ, ಬೆಲ್ಟ್ ಮೇಲಕ್ಕೆ ಏರುತ್ತದೆ, ಗಾಡಿಯ ವೇಗ ಹೆಚ್ಚುತ್ತದೆ. ರೋಲರ್ ಭಾರ ಇದ್ದರೆ ಬೆಲ್ಟ್ ಬೇಗ ಏರುತ್ತದೆ, ಎಂಜಿನ್ ನಿಧಾನ ತಿರುಗುತ್ತದೆ. ಹಗುರ ಇದ್ದರೆ ಎಂಜಿನ್ ಕಿರುಚುತ್ತದೆ. ಸ್ನೋಮೊಬೈಲಿನಲ್ಲಿ ರೋಲರ್ ಬದಲು ತೋಳಿನಂಥ ವೇಟ್‌ಗಳು ಇರುತ್ತವೆ, ಅವನ್ನು ತಡೆದು ಹಿಡಿಯುವ ಒಂದು ದಪ್ಪ ಸ್ಪ್ರಿಂಗ್ ಇರುತ್ತದೆ. ಇದು ಎಂಜಿನ್ ಕಡೆಯ ಪ್ರೈಮರಿ ಕ್ಲಚ್. ಟ್ರ್ಯಾಕ್ ಕಡೆ ಇರುವುದು ಸೆಕೆಂಡರಿ. ಒಂದು ವ್ಯತ್ಯಾಸ ನೆನಪಿಡಿ. ಸ್ಕೂಟರಿನಲ್ಲಿ ಬೆಲ್ಟ್ ಯಾವಾಗಲೂ ಬಿಗಿಯಾಗಿರುತ್ತದೆ, ಬಿಡುವ ಹಿಡಿಯುವ ಕೆಲಸಕ್ಕೆ ಹಿಂದೆ ಬೇರೆ ಕ್ಲಚ್ ಇದೆ. ಸ್ನೋಮೊಬೈಲಿನಲ್ಲಿ ಪ್ರೈಮರಿಯೇ ಬೆಲ್ಟನ್ನು ಹಿಡಿಯುತ್ತದೆ, ಅದೇ ಬಿಡುತ್ತದೆ.

ಈಗ ಎತ್ತರದ ಮಾತು. ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ಶೇಕಡ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ನಮ್ಮ ಬೆಟ್ಟಗಳ ಲೆಕ್ಕದಲ್ಲೇ ನೋಡೋಣ. ಶಿವಮೊಗ್ಗ ಇರುವುದು ಸುಮಾರು 570 ಮೀಟರ್ ಎತ್ತರದಲ್ಲಿ, ಅಂದರೆ 1,900 ಅಡಿಯ ಹತ್ತಿರ. ಆಗುಂಬೆ ಸುಮಾರು 640 ಮೀಟರ್. ಮಿನ್ನೆಸೋಟದ ಅತಿ ಎತ್ತರದ ಜಾಗ ಈಗಲ್ ಮೌಂಟನ್, ಅದೇ 701 ಮೀಟರ್. ಇಡೀ ರಾಜ್ಯದಲ್ಲಿ ಆಗುಂಬೆಗಿಂತ ಹೆಚ್ಚು ಮೇಲಕ್ಕೆ ಹೋಗಲು ಜಾಗವೇ ಇಲ್ಲ ಅಂದರೂ ನಡೆಯುತ್ತದೆ. ಡುಲೂತ್ ಪಕ್ಕದ ಲೇಕ್ ಸುಪೀರಿಯರ್ ನೀರಿನ ಮಟ್ಟವಂತೂ ಬರೀ 183 ಮೀಟರ್. ಆ ಕಡೆ ಮೊಂಟಾನಾದ ವೆಸ್ಟ್ ಯೆಲ್ಲೊಸ್ಟೋನ್ ಊರು 2,000 ಮೀಟರ್ ದಾಟಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮೇಲೆ ಒಂದು ಊರು ಇದೆ ಅಂದುಕೊಳ್ಳಿ. ಅಲ್ಲಿಂದ ಇನ್ನೂ ಮೇಲಕ್ಕೆ ಹೋಗಿ ಜನ ಸ್ನೋಮೊಬೈಲ್ ಓಡಿಸುತ್ತಾರೆ.

ಅಂಥ ಕಡೆ ಎಂಜಿನ್ನಿಗೆ ಶಕ್ತಿ ಕಡಿಮೆ. ಹಾಗಾಗಿ ಹಗುರ ವೇಟ್ ಹಾಕಿರುತ್ತಾರೆ. ಅದೇ ಗಾಡಿಯನ್ನು ಟ್ರೈಲರ್ ಮೇಲೆ ಹೇರಿಕೊಂಡು ಬಂದು ಡುಲೂತ್‌ನಲ್ಲಿ ಮಾರುತ್ತಾರೆ. ಇಲ್ಲಿಯ ದಟ್ಟ ಗಾಳಿಯಲ್ಲಿ ಎಂಜಿನ್ನಿಗೆ ಪೂರ್ತಿ ಶಕ್ತಿ ಬರುತ್ತದೆ, ಹಗುರ ವೇಟ್‌ಗೆ ಅದನ್ನು ಹಿಡಿದಿಡಲು ಆಗುವುದಿಲ್ಲ. ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಗಡಿ ದಾಟುತ್ತದೆ. ಸದ್ದು ಜೋರು, ಓಟ ಕಡಿಮೆ. ಯಾಕಂದ್ರೆ ಟೂ ಸ್ಟ್ರೋಕ್ ಎಂಜಿನ್ ತನ್ನ ಆರ್‌ಪಿಎಂ ದಾಟಿದ ಮೇಲೆ ಶಕ್ತಿಯನ್ನು ಸರ್ರನೆ ಕಳೆದುಕೊಳ್ಳುತ್ತದೆ.

ನನ್ನ ಮೊದಲ ಗಾಡಿ ಕೊಲೊರಾಡೊದಿಂದ ಬಂದಿತ್ತು. ಮಾರಿದವರು ಅದರ ಸೆಟ್ಟಿಂಗ್ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಅದು ಕಾರ್ಬುರೇಟರ್ ಗಾಡಿ. ತೆಳು ಗಾಳಿಗೆ ಅಂತ ಸಣ್ಣ ಜೆಟ್ (ಪೆಟ್ರೋಲ್ ಹಾಯುವ ತೂತಿನ ಪುಟ್ಟ ತಿರುಪು) ಹಾಕಿದ್ದರು. ತಗ್ಗಿನಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಸಾಲದು, ಉರಿ ವಿಪರೀತ. ಮೂರನೇ ವಾರಕ್ಕೆ ಪಿಸ್ಟನ್ ಸುಟ್ಟಿತು. ಕಾಡಿನ ನಡುವೆ, ಮೈನಸ್ 20 ಡಿಗ್ರಿ ಚಳಿಯಲ್ಲಿ, ಗಾಡಿ ಬಿಟ್ಟು ನಡೆದು ಬಂದೆ. ಆ ನಡಿಗೆ ನಿಮಗೆ ಬರಬಾರದು ಅಂತಲೇ ಇಷ್ಟು ಬಿಡಿಸಿ ಹೇಳುತ್ತಿರುವುದು. ಕಾರ್ಬುರೇಟರ್ ಗಾಡಿಯಾದರೆ ಕ್ಲಚ್ಚಿಗೆ ಕೈ ಹಾಕುವ ಮೊದಲು ಜೆಟ್ ನೋಡಿ. ಗಾಡಿಯ ಪುಸ್ತಕದಲ್ಲಿ ನಿಮ್ಮ ಎತ್ತರಕ್ಕೂ ಚಳಿಗೂ ಯಾವ ಜೆಟ್ ಅಂತ ಪಟ್ಟಿ ಇರುತ್ತದೆ. ಫ್ಯೂಯಲ್ ಇಂಜೆಕ್ಷನ್ ಇದ್ದರೆ ಗಾಡಿ ತಾನೇ ಸರಿಮಾಡಿಕೊಳ್ಳುತ್ತದೆ, ಆ ಚಿಂತೆ ಬೇಡ. ಪೆಟ್ರೋಲ್ ಮಾತ್ರ ಪುಸ್ತಕ ಹೇಳಿದ ಆಕ್ಟೇನಿನದೇ ಹಾಕಿ.

ಇನ್ನು ಕ್ಲಚ್. ಗಾಡಿಯ ಪುಸ್ತಕದಲ್ಲಿ ಎರಡು ಸಂಗತಿ ಹುಡುಕಿ. ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ಎಷ್ಟು ಆರ್‌ಪಿಎಂ ತಿರುಗಬೇಕು ಅನ್ನೋದು ಒಂದು. ಬಹಳಷ್ಟು ಟೂ ಸ್ಟ್ರೋಕ್ ಗಾಡಿಗಳಲ್ಲಿ ಅದು 8,000ದ ಆಸುಪಾಸು. ಎತ್ತರಕ್ಕೆ ತಕ್ಕ ವೇಟ್, ಸ್ಪ್ರಿಂಗ್‌ಗಳ ಪಟ್ಟಿ ಇನ್ನೊಂದು. ಪಟ್ಟಿಯ ಮೊದಲ ಸಾಲು ಸಮುದ್ರ ಮಟ್ಟದಿಂದ ಶುರುವಾಗುತ್ತದೆ. ಡುಲೂತ್‌ನವರ ಸಾಲು ಅದೇ. ಕ್ಲಚ್ ಬಿಚ್ಚಿ ಒಳಗೆ ಏನಿದೆ ನೋಡಿ. ವೇಟ್ ಮೇಲೆ ನಂಬರ್ ಕೊರೆದಿರುತ್ತದೆ. ಆದರೂ ತೂಗಿ ನೋಡಿ. ಹಿಂದಿನವರು ಉಜ್ಜಿ ಹಗುರ ಮಾಡಿರಬಹುದು. ಚಿನ್ನ ತೂಗುವಂಥ ಪುಟ್ಟ ತಕ್ಕಡಿ ಸಾಕು. ಮೂರೂ ವೇಟ್ ಒಂದೇ ತೂಕ ಇರಲೇಬೇಕು.

ಆಮೇಲೆ ಓಡಿಸಿ ನೋಡುವುದು. ತಣ್ಣಗಿರುವ ಕ್ಲಚ್ ತಪ್ಪು ಲೆಕ್ಕ ಕೊಡುತ್ತದೆ. ಏಳೆಂಟು ಕಿಲೋಮೀಟರ್ ಓಡಿಸಿ ಬಿಸಿ ಮಾಡಿ. ನೇರವಾದ, ಅಗಲವಾದ, ಎದುರಿಗೆ ಯಾರೂ ಇಲ್ಲದ, ಹಿಮ ಗಟ್ಟಿಯಾಗಿರುವ ಜಾಗದಲ್ಲಿ ಕೆಲವು ಸೆಕೆಂಡು ಪೂರ್ತಿ ಥ್ರಾಟಲ್ ಕೊಟ್ಟು ಮೀಟರ್ ನೋಡಿ. ಪುಸ್ತಕದ ಲೆಕ್ಕಕ್ಕಿಂತ ಮೇಲೆ ಹೋದರೆ ವೇಟ್ ಸೇರಿಸಿ. ಕೆಳಗೇ ನಿಂತರೆ ತೆಗೆಯಿರಿ. ನನ್ನ ಅನುಭವದಲ್ಲಿ ಒಂದೊಂದು ವೇಟ್‌ಗೆ 2 ಗ್ರಾಂ ಸೇರಿಸಿದರೆ 150ರಿಂದ 200 ಆರ್‌ಪಿಎಂ ಇಳಿಯುತ್ತದೆ. ಗಾಡಿಯಿಂದ ಗಾಡಿಗೆ ಇದು ಸ್ವಲ್ಪ ಬದಲಾಗುತ್ತದೆ. ಸ್ಕಿ-ಡೂ ಬ್ರ್ಯಾಂಡಿನ ಗಾಡಿಯ ಟಿಆರ್‌ಎ ಕ್ಲಚ್ಚಿನಲ್ಲಿ ಇನ್ನೂ ಸುಲಭ. ಅದರಲ್ಲಿ 1ರಿಂದ 6ರವರೆಗೆ ನಂಬರ್ ಇರುವ ಕ್ಲಿಕ್ಕರ್, ಅಂದರೆ ತಿರುಗಿಸಿ ಹೊಂದಿಸುವ ತಿರುಪುಗಳು, ಇವೆ. ಒಂದು ನಂಬರ್ ಇಳಿಸಿದರೆ ಸುಮಾರು 200 ಆರ್‌ಪಿಎಂ ಇಳಿಯುತ್ತದೆ. ಎಲ್ಲ ಕ್ಲಿಕ್ಕರ್‌ಗಳೂ ಒಂದೇ ನಂಬರಿನಲ್ಲಿರಲಿ.

“ಹೊಸ ಸ್ಪ್ರಿಂಗ್ ಕೂಡ ಹಾಕಿಬಿಟ್ಟರೆ ಒಂದೇ ಸಲಕ್ಕೆ ಮುಗಿಯಲ್ವಾ ಮಾವ?” ಅಂದ ಅಳಿಯ.

“ಬೇಡ ಮಾರಾಯ. ಎರಡೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯ್ತು ಅಂತ ಹೇಗೆ ಗೊತ್ತಾಗುತ್ತೆ?”

ಮೊದಲು ವೇಟ್, ಓಡಿಸಿ ನೋಡು, ಬರೆದಿಡು. ಆಮೇಲೆ ಸ್ಪ್ರಿಂಗ್. ಗಾಡಿ ಎಷ್ಟು ಆರ್‌ಪಿಎಂಗೆ ಹೊರಡಬೇಕು ಅನ್ನೋದು ಪ್ರೈಮರಿ ಸ್ಪ್ರಿಂಗಿನ ಕೈಯಲ್ಲಿದೆ. ಪರ್ವತದ ಗಾಡಿಯ ಕ್ಲಚ್ ಕೆಲವು ಸಲ ಆರ್‌ಪಿಎಂ ತುಂಬಾ ಮೇಲೆ ಹೋದ ಮೇಲೇ ಬೆಲ್ಟ್ ಹಿಡಿಯುತ್ತದೆ. ನುಣ್ಣನೆಯ ಟ್ರೇಲ್‌ನಲ್ಲಿ ಅದು ಎಗರಿದಂತೆ ಹೊರಡುತ್ತದೆ, ಹೊಸಬರಿಗೆ ಅದು ಅಪಾಯ. ಸೆಕೆಂಡರಿಯ ಹೀಲಿಕ್ಸ್ (ಓರೆ ಅಂಚಿನ ತುಂಡು) ಮತ್ತು ಸ್ಪ್ರಿಂಗನ್ನು ಮೊದಲ ವರ್ಷ ಪಟ್ಟಿಯಲ್ಲಿದ್ದ ಹಾಗೇ ಇಡಿ ಅನ್ನುವುದು ನನ್ನ ಅಭಿಪ್ರಾಯ.

ಬೆಲ್ಟ್ ಸರಿ ಇಲ್ಲದಿದ್ದರೆ ಈ ಲೆಕ್ಕ ಯಾವುದೂ ಕೂಡುವುದಿಲ್ಲ. ಬೆಲ್ಟಿನ ಮೇಲಂಚು ಸೆಕೆಂಡರಿ ತಟ್ಟೆಯ ಅಂಚಿಗೆ ಸಮ ಇರಬೇಕು, ಇಲ್ಲವೇ ಒಂದು ಕೂದಲು ಮೇಲೆ. ಐಡಲ್‌ನಲ್ಲೇ ಗಾಡಿ ಮುಂದಕ್ಕೆ ತೆವಳಿದರೆ ಬೆಲ್ಟ್ ಬಿಗಿಯಾಗಿದೆ ಅಂತ ಅರ್ಥ. ಕ್ಲಚ್ಚಿನ ತಟ್ಟೆಗಳಿಗೆ ಎಣ್ಣೆ, ಗ್ರೀಸು ಯಾವತ್ತೂ ತಾಗಬಾರದು. ಧೂಳನ್ನು ಗಾಳಿ ಹೊಡೆದು ತೆಗೆಯಿರಿ. ಹೊಸ ಬೆಲ್ಟ್ ಹಾಕಿದರೆ ಮೊದಲ 50 ಕಿಲೋಮೀಟರ್ ಮೆಲ್ಲಗೆ ಓಡಿಸಿ. ಇನ್ನೊಂದು ಬೆಲ್ಟ್ ಜೊತೆಗಿರಲಿ. ಬೆಲ್ಟಿನ ಕವರ್ ತೆಗೆದಿಟ್ಟು ಎಂಜಿನ್ ಓಡಿಸಬೇಡಿ. ಒಡೆದ ಬೆಲ್ಟ್ ಅಥವಾ ಕ್ಲಚ್ಚಿನ ಚೂರು ಗುಂಡಿನ ಹಾಗೆ ಹಾರುತ್ತದೆ. ಸ್ಪ್ರಿಂಗ್ ಒಳಗೆ ಒತ್ತಡ ಇರುತ್ತದೆ, ಬಿಚ್ಚುವಾಗ ಒಬ್ಬರೇ ಆತುರ ಮಾಡಬೇಡಿ.

ಮಿನ್ನೆಸೋಟದಲ್ಲಿ 1976ರ ಡಿಸೆಂಬರ್ 31ರ ನಂತರ ಹುಟ್ಟಿದವರು ಸ್ನೋಮೊಬೈಲ್ ಓಡಿಸಲು ಸೇಫ್ಟಿ ಸರ್ಟಿಫಿಕೇಟ್ ಪಡೆದಿರಬೇಕು. ನೀವೆಲ್ಲ ಆ ಲೆಕ್ಕಕ್ಕೇ ಬರುತ್ತೀರಿ. ಕ್ಲಚ್ ಪರೀಕ್ಷೆಗೆ ಹೆಪ್ಪುಗಟ್ಟಿದ ಕೆರೆ ನೇರವಾಗಿ, ಚೆನ್ನಾಗಿ ಕಾಣುತ್ತದೆ. ಹೊಸದಾಗಿ ಕಟ್ಟಿದ ಗಟ್ಟಿ ಮಂಜುಗಡ್ಡೆ ಕನಿಷ್ಠ 5ರಿಂದ 7 ಇಂಚು ಇದೆ ಅಂತ ಕೊರೆದು ನೋಡದೆ ಇಳಿಯಬೇಡಿ. ಹೊಳೆ ಬಂದು ಸೇರುವ ಕಡೆ ಅದು ತೆಳುವಾಗಿರುತ್ತದೆ. ತುಂಗೆಯ ದಡದಲ್ಲಿ ಬೆಳೆದವರಿಗೆ ನೀರಿನ ಸೆಳೆತ ಗೊತ್ತು. ಮಂಜುಗಡ್ಡೆಯ ಕೆಳಗೂ ಅದೇ ಸೆಳೆತ ಇರುತ್ತದೆ.

ಮಾತು ಮುಗಿಯುವಷ್ಟರಲ್ಲಿ ಅಳಿಯ ಸ್ಕೂಟರಿನ ಹಳೇ ರೋಲರ್‌ಗಳನ್ನು ಹೊರತೆಗೆದಿದ್ದ. ಒಂದು ಕಡೆ ಚಪ್ಪಟೆಯಾಗಿ ಸವೆದಿದ್ದವು. ಹೊಸದು ಹಾಕಿಕೊಂಡು, ಮಳೆ ಬಿಟ್ಟ ಒಂದು ಮಧ್ಯಾಹ್ನ ಇಬ್ಬರೂ ಸೋಮೇಶ್ವರದವರೆಗೆ ಇಳಿದು, 14 ತಿರುವು ಹತ್ತಿ ಆಗುಂಬೆಗೆ ವಾಪಸ್ ಬಂದೆವು. ಪ್ರತಿ ತಿರುವಿನಲ್ಲೂ ಎಂಜಿನ್ನಿನ ಸದ್ದು ಕೇಳಿಸಿಕೋ ಅಂತ ಅವನಿಗೆ ಹೇಳುತ್ತಾ ಬಂದೆ. ಡುಲೂತ್ ಕಡೆಗೆ ಬರುವವರು ಗಾಡಿ ತಗೊಳ್ಳುವ ಮೊದಲು ನನಗೊಂದು ಮಾತು ಹೇಳಿ. ಕ್ಲಚ್ ಎಳೆಯುವ ಪುಲ್ಲರ್ ಮತ್ತು ಪುಟ್ಟ ತಕ್ಕಡಿ ನನ್ನ ಹತ್ತಿರ ಇವೆ.