ಜಾಲಿ ಮುಳ್ಳಿನ ಕಾಟ ತಪ್ಪಿದ್ದು ಹೀಗೆ

ಬೀದರ್‌ನ ಕೆಮ್ಮಣ್ಣಿನ ದಾರಿಯಲ್ಲಿ ಸೈಕಲ್ ಓಡಿಸೋದು ಮಜಾನೇ, ಆದರೆ ಬಳ್ಳಾರಿ ಜಾಲಿ ಮುಳ್ಳು ಬಿಡಬೇಕಲ್ಲ. ಹೊನ್ನಿಕೇರಿ ಕಾಡಿನ ಕಡೆ ಮಗಳನ್ನು ಕರೆದುಕೊಂಡು ಹೋದರೆ ಇಬ್ಬರಲ್ಲಿ ಒಬ್ಬರ ಟೈರ್ ಪಂಕ್ಚರ್ ಆಗೇ ಆಗುತ್ತಿತ್ತು. ದಪ್ಪ ಟ್ಯೂಬ್ ಹಾಕಿಸಿದೆ. ಸೈಕಲ್ ಭಾರವಾಯಿತು ಅಷ್ಟೇ.

ಕೊನೆಗೆ ಕೈ ಹಿಡಿದದ್ದು ಸೀಲೆಂಟ್, ಅಂದರೆ ಟೈರಿನ ತೂತನ್ನು ಒಳಗಿನಿಂದಲೇ ಮುಚ್ಚುವ ದ್ರವ. ನನ್ನ ರಿಮ್ ಟ್ಯೂಬ್‌ಲೆಸ್‌ಗೆ ಆಗುವಂಥದ್ದು, ಹಾಗಾಗಿ ಟ್ಯೂಬ್ ತೆಗೆದು, ರಿಮ್ ಟೇಪ್ ಸುತ್ತಿ, ವಾಲ್ವ್ ಕೂರಿಸಿ, ಒಂದೊಂದು ಟೈರಿಗೆ ಸುಮಾರು 100 ಮಿ.ಲೀ. ಸುರಿದೆ. ಟೈರಿನ ಅಂಚು ರಿಮ್‌ಗೆ ಕೂರಲು ಕೈಪಂಪಿನ ಗಾಳಿ ಸಾಲಲಿಲ್ಲ, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಕಾಯಿತು. ಟಪ್ ಟಪ್ ಅಂತ ಸದ್ದು ಬಂದರೆ ಕೂತಿತು ಅಂತಲೇ ಲೆಕ್ಕ. ಮಗಳ 20 ಇಂಚಿನ ಸೈಕಲ್‌ಗೆ ಇಷ್ಟೆಲ್ಲ ಯಾಕೆ, ಅಲ್ವಾ? ವಾಲ್ವ್ ಒಳಗಿನ ಪಿನ್ ಬಿಚ್ಚಿ, ಟ್ಯೂಬ್ ಒಳಗೇ ಹಾಕುವ ಸೀಲೆಂಟ್ ಹಾಕಿದೆ.

ಈಗ ನನ್ನ ಟೈರಿನಿಂದ ಮುಳ್ಳು ಕಿತ್ತರೆ ಹಾಲಿನಂಥ ಬಿಳಿ ದ್ರವ ಬುಸ್ ಅಂತ ಚಿಮ್ಮುತ್ತದೆ, ಚಕ್ರ ತಿರುಗಿಸಿ ತೂತನ್ನು ಕೆಳಗೆ ಮಾಡಿ ಹಿಡಿದರೆ ತಾನೇ ನಿಲ್ಲುತ್ತದೆ. ಮಗಳಿಗೆ ಇದೇ ಆಟ, ಸುಮ್ನೆ ಮುಳ್ಳು ಹುಡುಕುತ್ತಾಳೆ.

ನಮ್ಮ ಬೇಸಿಗೆಗೆ ಸೀಲೆಂಟ್ ಬೇಗ ಒಣಗುತ್ತದೆ. ಚಕ್ರ ಅಲ್ಲಾಡಿಸಿದಾಗ ಒಳಗೆ ಗುಳುಗುಳು ಅನ್ನದಿದ್ದರೆ ಮತ್ತೆ ಹಾಕಬೇಕು. ಟೈರಿನ ಬದಿ ಹರಿದರೆ ಇದರಿಂದ ಏನೂ ಆಗಲ್ಲ, ಅದಕ್ಕೇ ಬ್ಯಾಗಿನಲ್ಲಿ ಒಂದು ಟ್ಯೂಬ್ ಇಟ್ಟುಕೊಂಡೇ ಹೊರಡುತ್ತೇನೆ.