219ನೇ ಲಾಟ್‌ಗೆ ನಿಂತ ಬಿಲ್ಲು: ಚೈಲ್ಡ್ ಪ್ರೋಸೆಸ್ ಜೊತೆ ನನ್ನ ಅನುಭವ

ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿಯ ಬಿಲ್ಲು ಮಾಡುವ ಹಳೆಯ ಸಿ ಪ್ರೋಗ್ರಾಂ ಇದೆ. ಬರೆದವರು ಊರು ಬಿಟ್ಟು ಎಷ್ಟೋ ವರ್ಷಗಳಾಗಿವೆ, ಸೋರ್ಸ್ ಕೋಡ್ ಇಲ್ಲ, ಉಳಿದಿರುವುದು ಬೈನರಿ, ಅಂದರೆ ಕಂಪ್ಯೂಟರ್ ನೇರವಾಗಿ ಓಡಿಸುವ ಫೈಲು ಮಾತ್ರ. ಆದರೆ ಹಮಾಲಿ, ತೂಕದ ಕೂಲಿ, ಸೆಸ್ ಎಲ್ಲವನ್ನೂ ಪೈಸೆ ತಪ್ಪದಂತೆ ಹಾಕುತ್ತದೆ. ಹುಬ್ಬಳ್ಳಿಯ ಗೆಳೆಯರೆಲ್ಲ ‘ಅದನ್ನು ಬಿಟ್ಟು ಹೊಸದು ಬರೆ’ ಎಂದರು. ಹೊಸದಕ್ಕೆ ಒಂದೂವರೆ ಲಕ್ಷವಾದರೂ ಬೇಕಿತ್ತು. ಹಳೆಯದನ್ನೇ ಚೈಲ್ಡ್ ಪ್ರೋಸೆಸ್ ಆಗಿ, ಅಂದರೆ ನನ್ನ ಪ್ರೋಗ್ರಾಂ ಎಬ್ಬಿಸಿ ನಡೆಸುವ ಪ್ರೋಗ್ರಾಂ ಆಗಿ, ಪೈಥಾನ್‌ನಿಂದ ಮಾತನಾಡಿಸುತ್ತೇನೆ ಎಂದು ನಾನು 18 ಸಾವಿರಕ್ಕೆ ಒಪ್ಪಿಕೊಂಡೆ.

ಲಾಟ್‌ಗೊಮ್ಮೆ, ಅಂದರೆ ಮಾರಾಟಕ್ಕಿಟ್ಟ ಪ್ರತಿ ರಾಶಿಗೊಮ್ಮೆ, ಅದನ್ನು ಹೊಸದಾಗಿ ಶುರು ಮಾಡಿದರೆ ದರದ ಫೈಲು ಓದುವುದಕ್ಕೇ ಎಂಟೊಂಬತ್ತು ಸೆಕೆಂಡ್. 300 ಲಾಟ್‌ಗೆ ಅದು ಆಗದ ಮಾತು. ಒಮ್ಮೆ ಎಬ್ಬಿಸಿ ಸಂಜೆಯವರೆಗೂ ಜೀವಂತ ಇಡಬೇಕಿತ್ತು.

ಎರಡು ಪ್ರೋಗ್ರಾಂಗಳ ನಡುವೆ ಮಾಹಿತಿ ಸಾಗಿಸುವ ಪೈಪ್ ಕಟ್ಟಿ ಒಂದು ಸಾಲು ಕಳಿಸಿದೆ. ಉತ್ತರವಿಲ್ಲ. ಅದೇ ಸಾಲನ್ನು ಟರ್ಮಿನಲ್‌ನಲ್ಲಿ ಕೈಯಿಂದ ಹೊಡೆದರೆ ಉತ್ತರ ತಟ್ಟನೆ ಬರುತ್ತದೆ! ಪ್ರೋಗ್ರಾಂ ಲಿನಕ್ಸ್‌ಗೆ ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಹಚ್ಚಿದಾಗ ಅದು ರೀಡ್ 0, ಅಂದರೆ ಇನ್‌ಪುಟ್ ಓದುವ ಕರೆಯಲ್ಲಿ ಕುಳಿತು ಮುಂದಿನ ಸಾಲಿಗೆ ಕಾಯುತ್ತಿತ್ತು. ಲೆಕ್ಕ ಮುಗಿದಿದೆ, ಉತ್ತರ ಮಾತ್ರ ಅದರ ಬಫರ್‌ನಲ್ಲೇ ಉಳಿದಿದೆ. ಎದುರಿಗೆ ಪೈಪ್ ಇದ್ದರೆ ಪ್ರೋಗ್ರಾಂ ಉತ್ತರವನ್ನು ಈ ತಾತ್ಕಾಲಿಕ ಜಾಗದಲ್ಲಿ ಕೂಡಿಟ್ಟು, ಅದು ತುಂಬಿದ ಮೇಲೆ ಕಳಿಸುತ್ತದೆ. ಈ ಅಭ್ಯಾಸ ಬದಲಿಸುವ ಎಸ್‌ಟಿಡಿಬಫ್ ಹಾಕಿ ನೋಡಿದೆ, ಏನೂ ಆಗಲಿಲ್ಲ. ಬೈನರಿ ಸ್ಟ್ಯಾಟಿಕ್ ಲಿಂಕ್ ಆಗಿತ್ತು, ಅಂದರೆ ಲೈಬ್ರರಿಯೂ ಅದರೊಳಗೇ ಸೇರಿತ್ತು, ಎಸ್‌ಟಿಡಿಬಫ್‌ಗೆ ಅದನ್ನು ಹೊರಗಿನಿಂದ ಬದಲಿಸಲು ಬರುವುದಿಲ್ಲ. ನಡುವೆ ನೇಮ್ಡ್ ಪೈಪ್ ಹಿಡಿದು ಎರಡು ರಾತ್ರಿ ಕಳೆದೆ. ಹೆಸರಿದ್ದರೂ ಅದೂ ಪೈಪೇ, ಬಫರ್ ಕಥೆ ಅಷ್ಟೇ.

ಕೊನೆಗೆ ಸ್ಯೂಡೋ ಟರ್ಮಿನಲ್, ಅಂದರೆ ನಿಜವಾದದ್ದರಂತೆ ವರ್ತಿಸುವ ನಕಲಿ ಟರ್ಮಿನಲ್ ಕೊಟ್ಟೆ. ಎದುರಿಗೆ ಟರ್ಮಿನಲ್ ಇದೆಯೆಂದು ತಿಳಿದ ಕೂಡಲೇ ಪ್ರೋಗ್ರಾಂ ಸಾಲುಸಾಲಾಗಿ ಮಾತನಾಡತೊಡಗಿತು. ಆದರೆ ನಾನು ಕಳಿಸಿದ್ದೇ ಮೊದಲು ಮರಳಿ ಬರುತ್ತಿತ್ತು. 47ನೇ ಲಾಟ್‌ನ ಸಂಖ್ಯೆಯನ್ನೇ ನನ್ನ ಕೋಡು 47 ಕಿಲೋ ಎಂದು ಓದಿತು. ಹೀಗೆ ಮರಳಿಸುವ ಎಕೋ ನಿಲ್ಲಿಸಿದೆ, ಸಾಲಿನ ಕೊನೆಗೆ ಅಂಟುವ ಕ್ಯಾರಿಯೇಜ್ ರಿಟರ್ನ್ ಎಂಬ ಕಾಣದ ಅಕ್ಷರ ಉದುರಿಸಿದೆ. ಉತ್ತರ ಎಲ್ಲಿ ಮುಗಿಯಿತೆಂದು ಗುರುತಿಸಲು ಒಂದು ಉಪಾಯ ಮಾಡಿದ್ದೇನೆ, ಅದು ನನ್ನ ಬಳಿಯೇ ಇರಲಿ.

50 ಲಾಟ್‌ಗಳ ಪರೀಕ್ಷೆ ಹತ್ತಾರು ಬಾರಿ ಗೆದ್ದಿತು. ಗುರುವಾರದ ಪೇಟೆಗೆ ಬಿಟ್ಟೆ. ಡಬ್ಬಿ, ಕಡ್ಡಿ ತಳಿಯ ಮೆಣಸಿನಕಾಯಿ ಚೀಲಗಳ ಘಾಟು ಮೂಗಿಗೇರುತ್ತಿತ್ತು. 219ನೇ ಲಾಟ್‌ಗೆ ಎಲ್ಲವೂ ನಿಂತಿತು. ‘ತಮ್ಮಾ, ರೈತರು ನಿಂತಿದ್ದಾರಲ್ಲ’ ಎಂದರು ಸಾಹುಕಾರರು. ಆ ದಿನ ಇಬ್ಬರು ಗುಮಾಸ್ತರನ್ನು ಕರೆಸಿ ಕೈಬಿಲ್ಲು ಬರೆಸಿದೆವು, 1,600 ರೂಪಾಯಿ ನನ್ನ ಜೇಬಿನಿಂದ ಹೋಯಿತು.

ಮರುದಿನ ಹಳೆಯ ಲಾಟ್‌ಗಳನ್ನೇ ಓಡಿಸಿ ಎಸ್‌ಟ್ರೇಸ್ ನೋಡಿದರೆ ಈಗ ಅದು ನಿಂತಿದ್ದು ರೈಟ್ 2, ಅಂದರೆ ದೋಷ ಸಂದೇಶ ಬರೆಯುವ ಕರೆಯಲ್ಲಿ! ದೋಷ ಸಂದೇಶಗಳಿಗೆ ನಾನು ಬೇರೆ ಪೈಪ್ ಕೊಟ್ಟಿದ್ದೆ, ಅದನ್ನು ಓದುವವರೇ ಇರಲಿಲ್ಲ. ಲಿನಕ್ಸ್ ಪೈಪ್‌ನಲ್ಲಿ ಸಾಮಾನ್ಯವಾಗಿ 65,536 ಬೈಟ್ ಹಿಡಿಯುತ್ತದೆ. ಪ್ರತಿ ಲಾಟ್‌ಗೂ ಈ ಪ್ರೋಗ್ರಾಂ ಸುಮಾರು 300 ಬೈಟ್ ಎಚ್ಚರಿಕೆ ಉಗುಳುತ್ತದೆ. ಭಾಗಿಸಿ ನೋಡಿ: 218 ದಾಟಿದರೆ ಪೈಪ್ ತುಂಬಿತು. ಪ್ರೋಗ್ರಾಂ ನನ್ನ ಓದಿಗೆ ಕಾದಿತ್ತು, ನಾನು ಅದರ ಉತ್ತರಕ್ಕೆ ಕಾದಿದ್ದೆ. ಆ ಪೈಪನ್ನು ಓದುವುದಕ್ಕೇ ಒಂದು ಥ್ರೆಡ್, ಅಂದರೆ ನನ್ನ ಪ್ರೋಗ್ರಾಂನೊಳಗೆ ಜೊತೆಜೊತೆಗೆ ಓಡುವ ಇನ್ನೊಂದು ಕೆಲಸ ಇಟ್ಟೆ. 50 ಲಾಟ್‌ಗಳ ಪರೀಕ್ಷೆಯಲ್ಲಿ ಇದು ಎಂದಿಗೂ ಸಿಗುತ್ತಿರಲಿಲ್ಲ.

ಮುಂದಿನ ಸೋಮವಾರದ ಪೇಟೆಯಲ್ಲಿ 340ರಷ್ಟು ಲಾಟ್ ಒಂದೂ ನಿಲ್ಲದೆ ಹೋದವು. ಒಂದೂವರೆ ಲಕ್ಷದ ಮಾತು ಹೇಳಿದ್ದ ಗೆಳೆಯರಲ್ಲಿ ಇಬ್ಬರು ಈಗ ನನ್ನ ಕೋಡು ಕೇಳಿ ಫೋನ್ ಮಾಡುತ್ತಾರೆ. ಅವರಿಗೂ ಹೇಳಿದ್ದು ಇಷ್ಟು: ಸಂಜೆ ಪ್ರೋಗ್ರಾಂ ಮುಚ್ಚಿದಾಗ ಸ್ಯೂಡೋ ಟರ್ಮಿನಲ್ ಓದಿದರೆ ಲಿನಕ್ಸ್ ಮುಗಿಯಿತೆಂಬ ಖಾಲಿ ಉತ್ತರ ಕೊಡುವುದಿಲ್ಲ, ಇನ್‌ಪುಟ್ ಔಟ್‌ಪುಟ್ ದೋಷ ಎನ್ನುತ್ತದೆ. ಅದನ್ನೇ ಮುಕ್ತಾಯವೆಂದು ತಿಳಿದು, ಮುಗಿದ ಪ್ರೋಸೆಸ್‌ನ ಲೆಕ್ಕ ಚುಕ್ತಾ ಮಾಡುವ ವೇಟ್ ಕರೆಯಿರಿ, ಇಲ್ಲವಾದರೆ ಪ್ರೋಸೆಸ್ ಪಟ್ಟಿಯಲ್ಲಿ ಜಾಂಬಿ, ಅಂದರೆ ಸತ್ತರೂ ಹೆಸರು ಅಳಿಯದ ಪ್ರೋಸೆಸ್ ಉಳಿಯುತ್ತದೆ.