ಮೂರು ಸಲ ಎತ್ತಿದ ಚೀಟಿ

"ಪೀಣ್ಯದ ಗಾರ್ಮೆಂಟ್ಸ್‌ನಾಗೆ ಸೂಪರ್‌ವೈಸರ್ ಕೆಲಸ ಐತೆ, ತಿಂಗಳಿಗೆ 18,000. ಹದಿನೈದು ದಿನದಾಗೆ ಹೇಳು" ಅಂತ ಅಕ್ಕ ಫೋನ್ ಮಾಡಿದಾಗ ನನಗೆ 31 ವರ್ಷ. ದಾವಣಗೆರೆಯ ನಿಟುವಳ್ಳಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೆ. ಮದುವೆ ಸೀಜನ್‌ನಲ್ಲಿ ಕೈತುಂಬ ಕೆಲಸ, ಆಷಾಢ ಬಂದರೆ ಖಾಲಿ. ಅವ್ವನಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಮಾಗಿರಲಿಲ್ಲ.

ಅವತ್ತು ರಾತ್ರಿ ಎರಡು ಚೀಟಿ ಬರೆದೆ. ಒಂದರಲ್ಲಿ ‘ಹೋಗು’, ಇನ್ನೊಂದರಲ್ಲಿ ‘ಇರು’. ಬೈಬಲ್ ಮೇಲಿಟ್ಟು ಪ್ರಾರ್ಥಿಸಿ ಎತ್ತಿದೆ. ‘ಇರು’ ಬಂತು. ಸರಿಯಾಗಿ ಮಡಚಿರಲಿಲ್ಲವೇನೋ ಅಂದುಕೊಂಡು ಮತ್ತೆ ಎತ್ತಿದೆ. ಮತ್ತೆ ‘ಇರು’. ಮೂರನೇ ಸಲ ‘ಹೋಗು’ ಬಂದಾಗ ದೇವರಿಗೆ ಸ್ತೋತ್ರ ಅಂದೆ. ಆಮೇಲೆ ಬೆಳಗಿನವರೆಗೂ ನಿದ್ದೆ ಹತ್ತಲಿಲ್ಲ. ಅಕ್ಕನ ಫೋನ್ ಇಟ್ಟ ಗಳಿಗೆಯಲ್ಲೇ ನಾನು ತೀರ್ಮಾನ ಮಾಡಿಬಿಟ್ಟಿದ್ದೆ.

ಭಾನುವಾರ ಆರಾಧನೆ ಮುಗಿದ ಮೇಲೆ ಸಭಾಪಾಲಕರಿಗೆ ಎಲ್ಲ ಹೇಳಿದೆ.

"ಚೀಟು ಹಾಕೋದು ಬೈಬಲ್‌ನಾಗೂ ಐತಮ್ಮ. ಯೇಸುವಿನ ಶಿಷ್ಯ ಯೂದನ ಜಾಗಕ್ಕೆ ಮತ್ತೀಯನ್ನ ಹಂಗೇ ಆರಿಸಿದ್ರು. ಆದ್ರೆ ಒಂದೇ ಸಲ ಹಾಕಿದ್ರು."

"ಗಿದ್ಯೋನ ಯುದ್ಧಕ್ಕೆ ಹೋಗೋ ಮುಂಚೆ ಎರಡು ರಾತ್ರಿ ಉಣ್ಣೆ ಇಟ್ಟು ದೇವರ ಹತ್ರ ಗುರುತು ಕೇಳಲಿಲ್ವಾ ಅಯ್ಯನೋರೆ?"

"ಬೈಬಲ್‌ನಾಗೆ ನ್ಯಾಯಸ್ಥಾಪಕರು 6ನೇ ಅಧ್ಯಾಯ ಪೂರ್ತಿ ಓದು."

ಮನೆಗೆ ಬಂದು ಓದಿದೆ. ಹೋಗು ಅನ್ನುವ ಅಪ್ಪಣೆ 14ನೇ ವಚನದಲ್ಲೇ ಇದೆ, ಉಣ್ಣೆಯ ಮಾತು ಬರುವುದು 36ರಲ್ಲಿ. ದೇವರು ಹೇಳಿ ಆಗಿತ್ತು, ಗಿದ್ಯೋನನಿಗೆ ಧೈರ್ಯ ಸಾಲದೆ ಮತ್ತೆ ಕೇಳಿದ್ದ.

ಮುಂದಿನ ದಿನಗಳಲ್ಲಿ ನಲ್ಲಿ ನೀರು ಬರುವ ಮುಂಚೆ, ಐದು ಗಂಟೆಗೇ ಎದ್ದು ಮೊಣಕಾಲೂರಿದೆ. ಕೆಲಸದ ಮಾತೇ ಎತ್ತಲಿಲ್ಲ. "ನನಗೆ ಇಷ್ಟವಿಲ್ಲದ ಉತ್ತರ ಬಂದರೂ ಒಪ್ಪುವ ಮನಸ್ಸು ಕೊಡು ತಂದೆ" ಅಂತಷ್ಟೇ ಬೇಡಿದೆ. ಮೊದಲ ನಾಲ್ಕು ದಿನ ಅದು ಬರೀ ಬಾಯಿಮಾತು. ಐದನೇ ದಿನ ಅತ್ತುಬಿಟ್ಟೆ. ನನಗೆ ಬೆಂಗಳೂರು ಎಷ್ಟು ಬೇಕಾಗಿತ್ತು ಅಂತ ಆಗಲೇ ಗೊತ್ತಾಗಿದ್ದು.

ಅಳತೆ ಪುಸ್ತಕದ ಕೊನೆ ಹಾಳೆಯಲ್ಲಿ ಲೆಕ್ಕ ಹಾಕಿದೆ. ರೂಮ್ ಬಾಡಿಗೆ, ಊಟ, ಬಸ್ಸು ಕಳೆದರೆ ಉಳಿಯುವುದು ಐದು ಸಾವಿರ. ವಾರಕ್ಕೆರಡು ಸಲ ಅವ್ವನಿಗೆ ಡ್ರೆಸ್ಸಿಂಗ್. ಬೆಂಗಳೂರಿಂದ ಇಲ್ಲಿಗೆ ಸುಮಾರು 260 ಕಿಲೋಮೀಟರ್. ಕೊನೆಗೆ ಅವ್ವನನ್ನೇ ಕೇಳಿದೆ. ಅಲ್ಲಿಯವರೆಗೆ ಕೇಳಿರಲೇ ಇಲ್ಲ.

"ನಾ ಅಡ್ಡ ಬರಲ್ಲ ಮಗಳೆ. ಆಸ್ಪತ್ರೆ ಮೆಟ್ಲು ಮಾತ್ರ ಒಬ್ಳೇ ಹತ್ತಾಕಾಗಲ್ಲ."

ಕನಸು ಬೀಳಲಿಲ್ಲ, ದನಿ ಕೇಳಲಿಲ್ಲ. ಹನ್ನೆರಡನೇ ದಿನ ಅಕ್ಕನಿಗೆ ಬರಲ್ಲ ಅಂದೆ. ಸಮಾಧಾನ ಅವತ್ತೇ ಸಿಗಲಿಲ್ಲ. ಆ ಆಷಾಢ ಬಹಳ ಕಷ್ಟದ್ದು. ಬೈಬಲ್‌ನಲ್ಲಿ ಅಪೊಸ್ತಲ ಪೌಲನಿಗೂ ಸುವಾರ್ತೆ ಸಾರಲು ಬಿಥೂನ್ಯ ಸೀಮೆಗೆ ಹೋಗುವ ಮನಸ್ಸಿತ್ತು, ದೇವರ ಆತ್ಮನು ಬಿಡಲಿಲ್ಲ. ಮಕೆದೋನ್ಯ ಸೀಮೆಗೆ ಬಾ ಅನ್ನುವ ಕರೆ ಬಂದಿದ್ದು ಆಮೇಲೆ, ತ್ರೋವ ಪಟ್ಟಣದಲ್ಲಿ. ಅಪೊಸ್ತಲರ ಕೃತ್ಯಗಳು 16ರ ಆ ಅಧ್ಯಾಯವನ್ನು ಆಗ ಎಷ್ಟು ಸಲ ಓದಿದೆನೋ!

ಅವ್ವನ ಗಾಯ ದೀಪಾವಳಿ ಹೊತ್ತಿಗೆ ಮಾಗಿತು. ಈಗ ಓವರ್‌ಲಾಕ್ ಮೆಷಿನ್‌ಗೆ ಸಾಲ ಮಾಡುವ ಯೋಚನೆ ಇದೆ. ಹಾಳೆಯ ಮೇಲ್ಗಡೆ ‘ಕರ್ತನ ಚಿತ್ತವಾದರೆ’ ಅಂತ ಬರೆದು, ಕೆಳಗೆ ಪೆನ್ಸಿಲ್‌ನಲ್ಲಿ ಲೆಕ್ಕ ಇಟ್ಟಿದ್ದೇನೆ. ಅವ್ವನನ್ನು ಈ ಸಲ ಮೊದಲೇ ಕೇಳಿದೆ.